ಮಿಂಚುವಿನ ಜೊತೆ ಹೊರಡುವ ಮುನ್ನ

ಪುಟ್ಟಿ, ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಕೇಳಿ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. "ಅಜ್ಜ, ಮೂರು ತಿಂಗಳು ರಜೆ ಹಾಕಿದೀನಿ. ಮಿಂಚುನ ಕಾರಲ್ಲಿ ಕೂರಿಸ್ಕೊಂಡು ಹೊರಡ್ತೀನಿ. ಮೊದ್ಲು ಕುದುರೆಮುಖ ಹತ್ತೋದು, ಆಮೇಲೆ ಬಾದಾಮಿ, ಮುಧೋಳ ಅಂತ ಹಾಗೇ ಮೇಲಕ್ಕೆ. ನೀವು ತಿರುಗಿದ ಹಾಗೇ" ಅಂದೆ. ಮರುದಿನ ಬೆಳಿಗ್ಗೆ ನಿನ್ನ ಅಮ್ಮನ ಫೋನು. "ಮಾವ, ನೀವಾದ್ರೂ ಅವಳಿಗೆ ಬುದ್ಧಿ ಹೇಳಿ."

ಹೋಗಬೇಡ ಅನ್ನುವ ಬುದ್ಧಿಯನ್ನು ನಾನು ಹೇಳುವವನಲ್ಲ. ಹೋಗು. ಇಪ್ಪತ್ತಾರರಲ್ಲಿ ಹೋಗದವಳು ಮತ್ತೆ ಯಾವಾಗ ಹೋಗುತ್ತೀಯ? ಆದರೆ ಒಂದು ಮಾತು ನಡೆಸಿಕೊಡು. ನಿನ್ನ ನಾಯಿ ಮಿಂಚುವನ್ನು ದಾರಿಗೆ ಕರೆದುಕೊಂಡು ಹೋಗು, ಕಾಡಿಗೆ ಮಾತ್ರ ಬೇಡ. ಕುದುರೆಮುಖಕ್ಕೆ ನೀನು ಗೆಳತಿಯರ ಜೊತೆ ಹೋಗಿ ಬಾ. ಆ ಮೂರು ದಿನ ಮಿಂಚು ತೀರ್ಥಹಳ್ಳಿಯಲ್ಲಿ ನನ್ನ ಜಗುಲಿಯ ಮೇಲೆ ಇರಲಿ. ಯಾಕೆ ಅಂತ ಹೇಳುತ್ತೇನೆ. ಇದನ್ನು ನಿನ್ನ ಅಜ್ಜಿಗೂ ನಾನು ಪೂರ್ತಿ ಹೇಳಿದವನಲ್ಲ.

1974ರ ಡಿಸೆಂಬರ್. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ನಾವು ನಾಲ್ವರು ಕಳಸದ ಬಸ್ಸು ಹತ್ತಿ ಸಂಸೆಯಲ್ಲಿ ಇಳಿದೆವು. ಆಗ ಕುದುರೆಮುಖಕ್ಕೆ ಗಣಿ ಕಂಪನಿ ಇನ್ನೂ ಬಂದಿರಲಿಲ್ಲ, ಅದು ಶುರುವಾದದ್ದು 1976ರಲ್ಲಿ. ರಾಷ್ಟ್ರೀಯ ಉದ್ಯಾನ ಅಂತ ಆದದ್ದು 1987ರಲ್ಲಿ. ಗೇಟಿಲ್ಲ, ಚೀಟಿಯಿಲ್ಲ, ಕೇಳುವವರಿಲ್ಲ. ಬೆನ್ನಿಗೆ ಒಂದೊಂದು ಕಂಬಳಿ, ಚೀಲದಲ್ಲಿ ಅವಲಕ್ಕಿ, ಬೆಲ್ಲ, ಎರಡು ತೆಂಗಿನಕಾಯಿ, ಒಂದು ಟಾರ್ಚು. ಸಂಸೆಯಿಂದ ಒಳಗೆ ಅಡಿಕೆ ತೋಟದ ನಡುವೆ ಒಂದು ಮನೆಯಲ್ಲಿ ದಾರಿ ಕೇಳಿದೆವು. ಆ ಮನೆಯಮ್ಮ ಕುಡಿಯಲು ಮಜ್ಜಿಗೆ ಕೊಟ್ಟು ದಾರಿ ತೋರಿಸಿದರು. ಅವರ ಮನೆಯ ನಾಯಿ ನಮ್ಮ ಹಿಂದೆಯೇ ಬಂತು.

ಕರಿಯ ಅಂತ ಹೆಸರು. ಮೈಯೆಲ್ಲ ಕಪ್ಪು, ಹುಬ್ಬಿನ ಜಾಗದಲ್ಲಿ ಎರಡು ಕಂದು ಚುಕ್ಕಿ. ನಮ್ಮ ಕಡೆ ನಾಲ್ಕು ಕಣ್ಣಿನ ನಾಯಿ ಅಂತಾರಲ್ಲ, ಅದು. ಎಡಗಿವಿಯ ತುದಿ ಯಾವುದೋ ಜಗಳದಲ್ಲಿ ಹರಿದುಹೋಗಿತ್ತು. ನಾವು ಎರಡು ಸಲ ಹಿಂದಕ್ಕೆ ಅಟ್ಟಿದೆವು. ಹಿಂದೆ ಹೋದಂತೆ ಮಾಡಿ ಮುಂದಿನ ತಿರುವಿನಲ್ಲಿ ನಮಗಿಂತ ಮೊದಲೇ ಕೂತಿರುತ್ತಿದ್ದ. ಮೂರನೇ ಸಲ ಅಟ್ಟಲು ನಮಗೆ ಮನಸ್ಸು ಬರಲಿಲ್ಲ. ನಿಜ ಹೇಳಬೇಕೆಂದರೆ, ಅವನು ಬಂದದ್ದು ನಮಗೆ ಖುಷಿಯಾಗಿತ್ತು.

ಆ ದಿನದ ನಡಿಗೆಯಂಥ ನಡಿಗೆ ಮತ್ತೆ ನನ್ನ ಬಾಳಿನಲ್ಲಿ ಬರಲಿಲ್ಲ ಪುಟ್ಟಿ. ಮುಳ್ಳೋಡಿ ದಾಟಿ ಒಂಟಿಮರದ ಹತ್ತಿರ ಬಂದಾಗ ಕಣ್ಣು ಹಾಯುವಷ್ಟೂ ಹುಲ್ಲಿನ ಬೆಟ್ಟ. ಒಂದು ಬೆಟ್ಟದ ಬೆನ್ನ ಮೇಲೆ ಬಿಸಿಲು, ಪಕ್ಕದ್ದರ ಮೇಲೆ ಮೋಡದ ನೆರಳು. ಬೆಟ್ಟಗಳ ಮಡಿಲಲ್ಲಿ ಗುಂಗುರು ಕೂದಲಿನ ಹಾಗೆ ಶೋಲಾ ಕಾಡು. ಸಾವಿರದೆಂಟುನೂರು ಮೀಟರಿಗೂ ಮೇಲೆ ಶಿಖರದಲ್ಲಿ ಗಾಳಿ ನಮ್ಮನ್ನು ನಿಲ್ಲಗೊಡಲಿಲ್ಲ. ಕರಿಯ ಮಾತ್ರ ಅಂಚಿನಲ್ಲಿ ಮೂಗು ಎತ್ತಿ, ಕಣ್ಣು ಅರ್ಧ ಮುಚ್ಚಿ, ಕೆಳಗಿನ ಊರುಗಳ ವಾಸನೆಯನ್ನೆಲ್ಲ ಒಂದೊಂದಾಗಿ ಓದುತ್ತಿರುವವನಂತೆ ಕೂತಿದ್ದ.

ರಾತ್ರಿ ಕೆಳಗಿಳಿದು ಶೋಲಾದ ಅಂಚಿನಲ್ಲಿ, ಝರಿಯ ಪಕ್ಕ ಬೆಂಕಿ ಹಾಕಿ ಮಲಗಿದೆವು. ನಾವೆಲ್ಲ ಬೆಂಕಿಗೆ ಮುಖ ಮಾಡಿ ಮಲಗಿದ್ದರೆ ಕರಿಯ ಬೆಂಕಿಗೆ ಬೆನ್ನು ಹಾಕಿ ಕಾಡಿನ ಕಡೆ ಮುಖ ಮಾಡಿ ಕೂತ. ನಡುರಾತ್ರಿ ದಾಟಿದ ಮೇಲೆ ಅವನ ಗುರುಗುಟ್ಟುವಿಕೆಗೆ ಎಚ್ಚರವಾಯಿತು. ಬೆನ್ನಿನ ಕೂದಲು ನಿಮಿರಿ ನಿಂತಿತ್ತು. ನಾವು ಹಂದಿ ಇರಬೇಕು ಅಂದುಕೊಂಡೆವು. ಆಗ ನಮ್ಮಲ್ಲೊಬ್ಬ "ಛೂ ಕರಿಯ, ಹಿಡಿ!" ಅಂದ. ಆ ಒಬ್ಬ ನಾನೇ.

ಅವನು ಓಡಿದ. ಎರಡು ಬೊಗಳು, ಆಮೇಲೆ ಒಂದೇ ಒಂದು ಕೂಗು. ಅಷ್ಟೇ.

ಬೆಳಕು ಹರಿದ ಮೇಲೆ ಹೋಗಿ ನೋಡಿದೆವು. ಇಬ್ಬನಿ ಬಿದ್ದ ಹುಲ್ಲಿನಲ್ಲಿ ಏನನ್ನೋ ಎಳೆದುಕೊಂಡು ಹೋದ ಗುರುತು, ಒಂದು ಹಿಡಿ ಕಪ್ಪು ಕೂದಲು, ಝರಿಯ ಕೆಸರಿನಲ್ಲಿ ಚಿರತೆಯ ಹೆಜ್ಜೆ. ಸಂಸೆಯ ಆ ಮನೆಯನ್ನು ಬೇರೆ ದಾರಿಯಿಂದ ಸುತ್ತಿ ತಪ್ಪಿಸಿಕೊಳ್ಳಬಹುದಿತ್ತು. ತಪ್ಪಿಸಿಕೊಳ್ಳಲಿಲ್ಲ. ಅದೊಂದೇ ಆ ದಿನ ನಾವು ಮಾಡಿದ ಸರಿಯಾದ ಕೆಲಸ. ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಆಕೆ ನಮ್ಮ ಹಿಂದೆ ನೋಡಿದರು, ನಮ್ಮ ಮುಖ ನೋಡಿದರು. ಕೇಳಿದ್ದು ಒಂದೇ ಮಾತು: "ರಾತ್ರಿ ಕಟ್ಟಿರ್ಲಿಲ್ವಾ?"

ಅವರ ಮನೆಯಲ್ಲಿ ಕತ್ತಲಾಗುತ್ತಲೇ ಕರಿಯನನ್ನು ಒಳಗೆ ಕೂಡುತ್ತಿದ್ದರಂತೆ. ಅಂಗಳದ ತನಕ ಚಿರತೆ ಬರುವ ಊರು. ಆ ಊರಿನ ಮಗುವಿಗೂ ಗೊತ್ತಿದ್ದ ಸಂಗತಿ ಪಶುವೈದ್ಯಕೀಯ ಓದುತ್ತಿದ್ದ ನಾಲ್ವರಿಗೆ ಗೊತ್ತಿರಲಿಲ್ಲ. ಆಕೆ ಬೈಯಲಿಲ್ಲ. ಒಳಗೆ ಹೋಗಿ ನಾಲ್ಕು ಲೋಟ ಕಾಫಿ ತಂದಿಟ್ಟರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ನೀನು ಹೋಗಿದ್ದೀಯಾ? ಅಲ್ಲಿ ಆತಕೂರಿನ ಶಾಸನ ಇದೆ, ಮದ್ದೂರು ತಾಲ್ಲೂಕಿನಿಂದ ತಂದದ್ದು, ಹತ್ತನೇ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ದೊರೆ ಬೂತುಗ ಏನು ಬೇಕು ಕೇಳು ಅಂದನಂತೆ. ಆತ ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆಮೇಲೆ ಒಂದು ದಿನ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು, ಹಂದಿಯೂ ನಾಯಿಯೂ ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿ ಸೆಣಸುವ ಚಿತ್ರ ಇದೆ. ಸಾವಿರ ವರ್ಷದ ಹಿಂದೆ ಕನ್ನಡ ನಾಡಿನವರು ನಾಯಿಯೊಂದಕ್ಕೆ ಅಷ್ಟು ಗೌರವ ಕೊಟ್ಟರು ಅನ್ನುವುದು ನನಗೆ ಹೆಮ್ಮೆ. ಆದರೂ ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ಕೇಳುವುದು ನನ್ನದೇ ಗಂಟಲಿನ ಆ "ಛೂ". ಕಾಳಿಗಾದರೂ ಕಲ್ಲು ನಿಂತಿತು.

ಈಗ ನಿನ್ನ ವಿಷಯ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೆ ಸಾಕುನಾಯಿ ಕರೆದುಕೊಂಡು ಹೋಗಲು ಬಿಡುವುದಿಲ್ಲ. ಅದು ಬರೀ ಗೇಟಿನವರ ಕಿರಿಕಿರಿ ಅಂತ ತಿಳಿಯಬೇಡ. ಚಿರತೆಗೆ ನಾಯಿ ಸುಲಭದ ಊಟ, ಅದು ಒಂದು ಕಾರಣ. ಅದಕ್ಕಿಂತ ದೊಡ್ಡದು ರೋಗದ ಕಾರಣ. ಡಿಸ್ಟೆಂಪರ್ ಅನ್ನುವ ನಾಯಿಗಳ ಜಾಡ್ಯ ಕಾಡುಪ್ರಾಣಿಗಳಿಗೂ ಅಂಟುತ್ತದೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸಾವಿರದಷ್ಟು ಸಿಂಹಗಳು ಅದಕ್ಕೆ ಬಲಿಯಾದವು. 2018ರಲ್ಲಿ ನಮ್ಮ ಗಿರ್ ಕಾಡಿನ ಸಿಂಹಗಳಲ್ಲೂ ಅದೇ ವೈರಸ್ ಕಾಣಿಸಿತು. ನಮ್ಮ ಘಟ್ಟದ ಕಾಡಿನಲ್ಲಿ ಸೀಳುನಾಯಿಗಳಿವೆ, ಅವು ಮಿಂಚುವಿನ ಹತ್ತಿರದ ಬಳಗ. ಅವಕ್ಕೆ ಲಸಿಕೆ ಹಾಕುವವರು ಯಾರೂ ಇಲ್ಲ. ಚೆನ್ನಾಗಿ ಸಾಕಿದ ನಾಯಿ, ಅದಕ್ಕೇನಿದೆ ರೋಗ ಅನ್ನಬೇಡ. ನಾನು ಮೂವತ್ತೈದು ವರ್ಷ ಪಶುವೈದ್ಯನಾಗಿ ಕೆಲಸ ಮಾಡಿದವನು. ಮೇಲೆ ಚೆನ್ನಾಗಿ ಕಾಣುವ ನಾಯಿಯ ಒಳಗೆ ಏನೇನು ಇರುತ್ತದೆ ಅಂತ ನನಗೆ ಗೊತ್ತು.

ತೇಜಸ್ವಿಯವರ 'ಪರಿಸರದ ಕತೆ' ಓದಿದವರಿಗೆಲ್ಲ ಕಿವಿಯಂಥ ನಾಯಿ ಕಟ್ಟಿಕೊಂಡು ಕಾಡು ಸುತ್ತಬೇಕು ಅನ್ನಿಸುತ್ತದೆ. ನನಗೂ ಅನ್ನಿಸಿದೆ, ನೀನೂ ಆ ಪುಸ್ತಕದಿಂದಲೇ ಕೆಟ್ಟವಳು ಅಂತ ನಿನ್ನ ಅಮ್ಮ ಹೇಳುತ್ತಾಳೆ. ಆದರೆ ಅವರು ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಅಲ್ಲೇ ಬದುಕಿದವರು, ಕಿವಿಯೂ ಅಲ್ಲೇ ಬೆಳೆದದ್ದು. ಮಿಂಚು ಜಯನಗರದ ಮೂರನೇ ಮಹಡಿಯಲ್ಲಿ ಬೆಳೆದವಳು. ಅವಳಿಗೆ ಕಾಡಿನ ವಾಸನೆಯಲ್ಲಿ ಯಾವುದು ಆಟ, ಯಾವುದು ಸಾವು ಅಂತ ಹೇಳಿಕೊಟ್ಟವರಿಲ್ಲ.

ಕುದುರೆಮುಖಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಪರವಾನಗಿ ಮೊದಲೇ ತೆಗೆದುಕೋ, ಅವರು ಹೇಳಿದ ದಾರಿ ಬಿಡಬೇಡ. ಮೈಮುಚ್ಚುವ ಬಟ್ಟೆ ಹಾಕು. ಇಂಬಳಕ್ಕೆ ಹೆದರಬೇಡ, ಅದು ರಕ್ತ ಕುಡಿದು ಬಿಟ್ಟುಹೋಗುತ್ತದೆ. ಹೆದರಬೇಕಾದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಬೆಳಕಿಗೆ ಬಂದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ, ಅದೂ ನೀನು ಹೊರಟಿರುವ ಈ ಬೇಸಿಗೆಯ ತಿಂಗಳುಗಳಲ್ಲೇ ಹೆಚ್ಚು. ಸಂಜೆ ಇಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಹಾಕಿದ ಬಟ್ಟೆಯನ್ನೂ ಬಿಸಿನೀರಿಗೇ ಹಾಕು. ನಾಯಿ ಜೊತೆಗಿದ್ದರೆ ಆ ಉಣುಗನ್ನು ಅದು ಮೈತುಂಬ ಹೊತ್ತು ತಂದು ನಿನ್ನ ಹಾಸಿಗೆಗೇ ಬಿಡುತ್ತದೆ.

ಇನ್ನು ದಾರಿ. ಇಲ್ಲಿ ನನ್ನ ಮನಸ್ಸು ಅರಳುತ್ತದೆ.

2011ರಲ್ಲಿ ನಿವೃತ್ತನಾದ ಮೇಲೆ ನಾನು ಹಳೇ ಓಮ್ನಿ ಕೊಂಡು, ಹಿಂದಿನ ಸೀಟು ಕಿತ್ತು, ಹಲಗೆ ಹಾಕಿಸಿ, ಮೇಲೆ ಜಮಖಾನೆ ಹಾಸಿದ್ದು ನಿನಗೆ ನೆನಪಿರಬಹುದು, ನೀನಾಗ ಸಣ್ಣವಳು. ಆಗ ಇದ್ದವಳು ಕೆಂಚಿ, ಆಸ್ಪತ್ರೆಯ ಹಿಂದೆ ಸಿಕ್ಕ ಬೀದಿ ನಾಯಿ. 2013ರ ಚಳಿಗಾಲದಲ್ಲಿ ಅವಳ ಜೊತೆ ಮುಧೋಳಕ್ಕೆ ಹೋದೆ. ನಾನೂರು ಚಿಲ್ಲರೆ ಕಿಲೋಮೀಟರ್ ದಾರಿ, ಒಂದು ಹಗಲಿನಲ್ಲಿ ಮುಗಿಸಬಹುದು. ನಾವು ನಾಲ್ಕು ದಿನ ತೆಗೆದುಕೊಂಡೆವು. ಅದನ್ನು ನಿರ್ಧರಿಸಿದವಳು ಕೆಂಚಿ. ಮೊದಲ ದಿನ ಹರಿಹರ ದಾಟುವಾಗ ಅವಳು ಜೊಲ್ಲು ಸುರಿಸತೊಡಗಿದಳು, ತುಟಿ ನೆಕ್ಕುತ್ತಿದ್ದಳು, ಆಕಳಿಸುತ್ತಿದ್ದಳು. ನಾಯಿಗೆ ಹೊಟ್ಟೆ ತೊಳಸುವ ಲಕ್ಷಣ ಅದು. ರಾಣೆಬೆನ್ನೂರಿನ ಹತ್ತಿರ ಒಂದು ಹುಣಸೆ ಮರದ ಕೆಳಗೆ ನಿಲ್ಲಿಸಿ ಮಧ್ಯಾಹ್ನವೆಲ್ಲ ಅಲ್ಲೇ ಮಲಗಿದೆವು. ಆವತ್ತಿನಿಂದ ದಿನಕ್ಕೆ ನೂರೈವತ್ತು ಕಿಲೋಮೀಟರ್ ದಾಟಿಸಲಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಹೊರಟು ಒಂಬತ್ತೂವರೆಗೆ ನೆರಳು ಹುಡುಕುವುದು, ನಾಲ್ಕರ ಮೇಲೆ ಇನ್ನಷ್ಟು ದೂರ. ಹೊರಡುವ ಮೊದಲು ನಾಯಿಗೆ ಹೊಟ್ಟೆ ತುಂಬ ಹಾಕಬಾರದು, ಊಟ ಏನಿದ್ದರೂ ನಿಂತ ಮೇಲೆ. ಈ ವೇಳಾಪಟ್ಟಿಯಲ್ಲಿ ನಾನು ಕಂಡಷ್ಟು ಸೂರ್ಯೋದಯವನ್ನು ನೌಕರಿಯಲ್ಲಿದ್ದ ವರ್ಷಗಳಲ್ಲಿ ಕಂಡವನಲ್ಲ.

ಕಾರು ನಿಲ್ಲಿಸಿದ ಕೂಡಲೇ ಬಾಗಿಲು ತೆಗೆಯಬೇಡ. ಪ್ರತಿ ಊರಿನ ಬಸ್ ಸ್ಟ್ಯಾಂಡಿಗೂ ಅದರದೇ ನಾಯಿಗಳ ಪಡೆ ಇರುತ್ತದೆ, ಅದು ಅವುಗಳ ಸೀಮೆ. ಐದು ನಿಮಿಷ ಒಳಗೇ ಕೂತು ನೋಡು. ಊರು ದಾಟಿ ಒಂದು ಕಿಲೋಮೀಟರ್ ಮುಂದೆ ನಿಲ್ಲಿಸುವುದು ಇನ್ನೂ ಒಳ್ಳೆಯದು. ಇಳಿಸುವಾಗ ಮೊದಲು ಹಗ್ಗ, ಆಮೇಲೆ ಬಾಗಿಲು. ಎಲ್ಲಾದರೂ ಬೀದಿ ನಾಯಿ ನಿನ್ನನ್ನೋ ಮಿಂಚುವನ್ನೋ ಕಚ್ಚಿದರೆ, ಗಾಯ ಎಷ್ಟೇ ಚಿಕ್ಕದಿರಲಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ಪೂರ್ತಿ ಹದಿನೈದು ನಿಮಿಷ ತೊಳೆ. ಅರಿಶಿನ, ಸುಣ್ಣ ಏನೂ ಹಚ್ಚಬೇಡ. ಅದೇ ದಿನ ನಿನಗಾದರೆ ಸರ್ಕಾರಿ ಆಸ್ಪತ್ರೆಗೆ, ಮಿಂಚುವಿಗಾದರೆ ಪಶು ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಿಸು, ಹೇಳಿದ ದಿನಗಳಿಗೆ ತಪ್ಪದೆ ಮುಗಿಸು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ. ಈ ಒಂದು ವಿಷಯದಲ್ಲಿ ನಾಳೆ ನೋಡೋಣ ಅನ್ನಬೇಡ ಮಗಾ.

ನರಗುಂದ, ನವಲಗುಂದದ ಎರೆ ಸೀಮೆಯಲ್ಲಿ ಮಳೆ ಬಿದ್ದ ಮರುದಿನ ನಾಯಿಯ ಬೆರಳ ಸಂದಿಗೆ ಮಣ್ಣು ಮೆತ್ತಿಕೊಂಡು ಒಣಗಿ ಕಲ್ಲಾಗುತ್ತದೆ. ಕುಂಟಿದರೆ ಮೊದಲು ಅಲ್ಲಿ ನೋಡು, ಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಡಿಸು. ಗಿರ್ಮಿಟ್ ತಿನ್ನುವಾಗ ಮಿಂಚು ಬಂದು ಮುಖ ನೋಡುತ್ತಾಳೆ, ಕೊಡಬೇಡ. ಅದರಲ್ಲಿನ ಈರುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತದೆ. ಮುಧೋಳದಿಂದ ಮುಂದೆ ಜಮಖಂಡಿ, ವಿಜಯಪುರದ ಕಡೆ ಹೋದರೆ ದ್ರಾಕ್ಷಿ ತೋಟದವರು ಪ್ರೀತಿಯಿಂದ ಗೊಂಚಲು ಕೊಡುತ್ತಾರೆ. ನೀನು ತಿನ್ನು. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡಕ್ಕೆ ವಿಷ. ಗುಡಿಯಲ್ಲಿ ಕೊಟ್ಟ ಸಜ್ಜಿಗೆ ಪ್ರಸಾದದಲ್ಲೂ ಒಣದ್ರಾಕ್ಷಿ ಇರುತ್ತದೆ, ನೋಡಿ ಕೊಡು. ಮೊಸರನ್ನ, ಮೊಟ್ಟೆ, ರಾಗಿ ಅಂಬಲಿ ಎಲ್ಲ ಊರಲ್ಲೂ ಸಿಗುತ್ತದೆ, ಅಷ್ಟು ಸಾಕು.

ಸೆಖೆಯ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಸೆಖೆ ಏರಬಹುದು, ಕಿಟಕಿ ಎರಡು ಬೆರಳು ತೆರೆದಿಟ್ಟರೂ ಹೆಚ್ಚು ಉಪಯೋಗವಿಲ್ಲ. ನಾನು ಸರ್ವಿಸ್‌ನಲ್ಲಿದ್ದಾಗ ಒಂದು ಏಪ್ರಿಲ್ ಮಧ್ಯಾಹ್ನ ಒಬ್ಬರು ಪಗ್ ನಾಯಿಯನ್ನು ತೋಳಿನಲ್ಲಿ ಎತ್ತಿಕೊಂಡು ಓಡಿಬಂದರು. ಬಟ್ಟೆ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಹೀಗಾಯಿತು ಅಂದರು. ನಾಲಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಥರ್ಮಾಮೀಟರಿನಲ್ಲಿ 42 ಡಿಗ್ರಿ. ನಾಯಿಯ ಸಹಜ ಶಾಖ 38ರಿಂದ 39ರ ಆಚೀಚೆ. ನೀರು ಸುರಿದೆವು, ಫ್ಯಾನ್ ಹಾಕಿದೆವು, ಗ್ಲುಕೋಸ್ ಏರಿಸಿದೆವು. ಉಳಿಯಲಿಲ್ಲ. ಆ ಮನುಷ್ಯ ನಾಯಿಯನ್ನು ಕೆಟ್ಟದಾಗಿ ನೋಡಿಕೊಂಡವರಲ್ಲ. ಹತ್ತು ನಿಮಿಷ ಅಂದುಕೊಂಡವರು, ಅಷ್ಟೇ. ಹೊಟೇಲಿಗೆ ಹೋಗಬೇಕೇ, ಗೆಳತಿ ಜೊತೆಗಿದ್ದರೆ ಒಬ್ಬರಾದ ಮೇಲೊಬ್ಬರು ಹೋಗಿ. ಒಬ್ಬಳೇ ಇದ್ದ ದಿನ ಪಾರ್ಸಲ್ ತರಿಸಿಕೋ. ಡಾಂಬರಿನ ಮೇಲೆ ಇಳಿಸುವ ಮೊದಲು ನಿನ್ನ ಕೈಯ ಹಿಂಬದಿ ಐದು ಎಣಿಸುವಷ್ಟು ಹೊತ್ತು ಇಟ್ಟು ನೋಡು. ಕೈಗೆ ತಡೆಯದ್ದು ಅವಳ ಪಾದಕ್ಕೂ ತಡೆಯುವುದಿಲ್ಲ.

ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ವಿಶ್ವವಿದ್ಯಾಲಯದವರ ನಾಯಿ ಸಂಶೋಧನಾ ಕೇಂದ್ರವಿದೆ, ನೋಡಿ ಬಾ. ಮುಧೋಳ ನಾಯಿ ರಾಜ ಮಾಲೋಜಿರಾವ್ ಘೋರ್ಪಡೆ ಬೆಳೆಸಿದ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ನನ್ನ ಈಗಿನ ನಾಯಿ ಬಾಣ ಅಲ್ಲಿಂದ ಬಂದವನೇ. ಅವನು ಓಡುವುದನ್ನು ನೋಡಿದರೆ ಹಗ್ಗ ಬಿಚ್ಚಿಬಿಡಬೇಕು ಅನ್ನಿಸುತ್ತದೆ, ಆದರೆ ರಾಣೆಬೆನ್ನೂರಿನ ಕೃಷ್ಣಮೃಗಗಳ ಸೀಮೆಯಲ್ಲಿ ನಾನು ಒಂದು ದಿನವೂ ಬಿಚ್ಚಲಿಲ್ಲ. ಕಾಡುಪ್ರಾಣಿಯನ್ನು ನಾಯಿಯಿಂದ ಬೆನ್ನಟ್ಟಿಸುವುದನ್ನು 1972ರ ವನ್ಯಜೀವಿ ಕಾಯಿದೆ ಬೇಟೆ ಎಂದೇ ಲೆಕ್ಕ ಹಾಕುತ್ತದೆ. ಕಾಯಿದೆ ಇರದಿದ್ದರೂ ನಾನು ಬಿಚ್ಚುತ್ತಿರಲಿಲ್ಲ.

ಪ್ರತಿ ರಾತ್ರಿ ಮಲಗುವ ಮೊದಲು ಮಿಂಚುವಿನ ಮೈ ಬೆರಳಿನಿಂದ ಹುಡುಕು. ಕಿವಿಯ ಒಳಗೆ, ಕಂಕುಳು, ಬೆರಳ ಸಂದಿ, ಬಾಲದ ಬುಡ. ಉಣುಗು ಸಿಕ್ಕರೆ ಚಿಮುಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಎಳೆ. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ಊಟ ಬಿಟ್ಟು, ಒಸಡು ಬಿಳಿಚಿ, ಉಚ್ಚೆ ಚಹಾದ ಬಣ್ಣಕ್ಕೆ ತಿರುಗಿದರೆ ಉಣುಗು ಜ್ವರ ಅಂತ ತಿಳಿದು ಹತ್ತಿರದ ಪಶು ಆಸ್ಪತ್ರೆಗೆ ಹೋಗು. ತಾಲ್ಲೂಕು ಕೇಂದ್ರದಲ್ಲೆಲ್ಲ ಸರ್ಕಾರಿ ಪಶು ಆಸ್ಪತ್ರೆ ಇದೆ, ನನ್ನ ಹಾಗಿನ ಮುದುಕರ ಶಿಷ್ಯರೇ ಅಲ್ಲಿ ಇದ್ದಾರೆ. ಈ ಮೈ ಹುಡುಕುವ ಕೆಲಸವನ್ನು ಬೇಸರದ ಕೆಲಸ ಅಂದುಕೊಳ್ಳಬೇಡ. ಕೆಂಚಿಯ ಜೊತೆ ಕಳೆದ ದಿನಗಳಲ್ಲಿ ನನಗೆ ಈಗ ಎಲ್ಲಕ್ಕಿಂತ ಹೆಚ್ಚು ನೆನಪಾಗುವುದು ಆ ಹದಿನೈದು ನಿಮಿಷ. ಬ್ಯಾಟರಿ ದೀಪದ ಬೆಳಕು, ಹೊರಗೆ ಲಾರಿಗಳ ಸದ್ದು, ನನ್ನ ತೊಡೆಯ ಮೇಲೆ ಅವಳ ತಲೆಯ ಭಾರ.

ಕೆಂಚಿ ಹೋಗಿ ಆರು ವರ್ಷ ಆಯಿತು. ಬಾಣನಿಗೆ ಹನ್ನೆರಡು ತುಂಬಿದೆ, ಓಮ್ನಿಗೆ ಹಾರಲು ಆಗುವುದಿಲ್ಲ, ಎತ್ತಿ ಕೂರಿಸಬೇಕು. ನನ್ನ ಸೊಂಟಕ್ಕೆ ಎತ್ತಲು ಆಗುವುದಿಲ್ಲ. ಹಾಗಾಗಿ ನಾವಿಬ್ಬರೂ ಈಗ ಜಗುಲಿಯಲ್ಲೇ ಇದ್ದೇವೆ. ಮಿಂಚುವಿಗೆ ಎರಡು ವರ್ಷ. ಅವಳ ಮುಂದೆ ಹಾರಿ ಹತ್ತುವ ವರ್ಷಗಳು ಎಂಟೋ ಒಂಬತ್ತೋ ಇವೆ. ಅದಕ್ಕೇ ಹೋಗು ಅಂದದ್ದು, ಮುಂದಿನ ವರ್ಷ ಅನ್ನಬೇಡ.

ಮಿಂಚುವಿನ ರೇಬೀಸ್ ಲಸಿಕೆಯ ವರ್ಷ ಮುಗಿದಿದೆಯೇ ನೋಡು. ಡಿಸ್ಟೆಂಪರ್, ಇಲಿ ಜ್ವರದ ಲಸಿಕೆಯನ್ನೂ ಹೊರಡುವ ಮೂರು ವಾರ ಮೊದಲೇ ಮುಗಿಸಿ, ಚೀಟಿಯನ್ನು ಕಾರಿನಲ್ಲಿ ಇಡು. ಓಮ್ನಿಯ ಒಳಗೆ ಬಾಗಿಲ ಪಕ್ಕ ನಾನು ಎರಡು ಕಬ್ಬಿಣದ ಕೊಂಡಿ ಬೆಸುಗೆ ಹಾಕಿಸಿದ್ದೇನೆ. ಹನ್ನೊಂದು ವರ್ಷದ ತಿರುಗಾಟದಲ್ಲಿ ಕತ್ತಲಾದ ಮೇಲೆ ನಾಯಿಯನ್ನು ಆ ಕೊಂಡಿಗೆ ಕಟ್ಟದೆ ನಾನು ಒಂದು ರಾತ್ರಿಯೂ ಮಲಗಿಲ್ಲ. ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ ಮಿಂಚುವನ್ನು ಇಲ್ಲಿ ಬಿಡಲು ಬರುತ್ತೀಯಲ್ಲ, ಆಗ ನಿನ್ನ ಕಾರನ್ನು ಇಲ್ಲಿನ ವೆಲ್ಡಿಂಗ್ ಅಂಗಡಿಗೆ ಒಯ್ದು ಅಂಥದೇ ಒಂದು ಕೊಂಡಿ ಹಾಕಿಸೋಣ. ಹಗ್ಗ ನನ್ನ ಹತ್ತಿರ ಇದೆ.